ಉದ್ಘಾಟನೆಯ ಮರುದಿನ

(ಬಸವನಗುಡಿಯ ಬಡಾವಣೆಯೊಂದರ ನಿವಾಸಿಗಳು ತಮ್ಮ ಬೀದಿಯ ಕಲಾಪ್ರದರ್ಶನಕ್ಕೆ ಮುನ್ನ ನಡೆಸಿದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ನೀವು ಕೊಟ್ಟ ಕರಪತ್ರವನ್ನು ಎರಡು ಸಲ ಓದಿದೆ. ದೀಪ ಬೆಳಗುವವರು ಯಾರು, ಅಧ್ಯಕ್ಷತೆ ಯಾರದು, ವಂದನಾರ್ಪಣೆ ಯಾರದು, ತಿಂಡಿಗೆ ಏನು ಎಂಬುದೆಲ್ಲ ಅದರಲ್ಲಿದೆ. ತಿಂಡಿಯ ಬಗ್ಗೆ ನನ್ನ ತಕರಾರಿಲ್ಲ. ಭಾನುವಾರ ಸಂಜೆ ಶಾಮಿಯಾನ ಬಿಚ್ಚಿಕೊಂಡು ಹೋದ ಮೇಲೆ, ಸೋಮವಾರ ಬೆಳಿಗ್ಗೆ ಹಾಲು ತರಲು ಹೊರಟವರಿಗೆ ಈ ಬೀದಿಯಲ್ಲಿ ಏನು ಕಾಣುತ್ತದೆ ಎಂಬುದು ಮಾತ್ರ ಅದರಲ್ಲಿಲ್ಲ. ಶಾಲೆಯಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿದವನು ನಾನು. ಚಿತ್ರಸ್ಪರ್ಧೆಯ ಮರುದಿನ ಜವಾನ ಗುಡಿಸಿ ಮೂಲೆಗೆ ಒಟ್ಟಿದ ಹಾಳೆಗಳಲ್ಲಿ ಬಹುಮಾನ ಬಂದವೂ ಇರುತ್ತಿದ್ದವು. ಆ ಅಭ್ಯಾಸಬಲದಿಂದ ನನಗೆ ಮರುದಿನದ ಮೇಲೆಯೇ ಕಣ್ಣು. ಇವತ್ತು ಅದರ ಬಗ್ಗೆಯೇ ಮಾತನಾಡುತ್ತೇನೆ.

ಬೆಂಗಳೂರಿನಲ್ಲಿ ಬೀದಿಯ ಕಲೆ ಎಂದ ಕೂಡಲೇ ಮಕ್ಕಳು ಮೆಟ್ರೊ ಕಂಬಗಳನ್ನೂ ಚರ್ಚ್ ಸ್ಟ್ರೀಟ್ ಗೋಡೆಗಳನ್ನೂ ಹೇಳುತ್ತಾರೆ. ನಾನು ಹೆಬ್ಬಾಳದಿಂದ ಶುರುಮಾಡುತ್ತೇನೆ. 2018ರಲ್ಲಿ ಅಲ್ಲಿ ಚರಂಡಿ ಕಾಮಗಾರಿಗೆಂದು ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನದು. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ರಾಷ್ಟ್ರಕೂಟರ ಕಡೆಯವರು ದಂಡೆತ್ತಿ ಬಂದಾಗ ಕಾದಿ ಸತ್ತ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲ್ ಎಂಬುದೂ ಇದೆ. ಯೋಚಿಸಿ, ಒಂದು ಊರು ತನ್ನವನೊಬ್ಬನಿಗಾಗಿ, ತನ್ನ ನೆಲದಲ್ಲೇ, ಹೋಗುವ ಬರುವ ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲು ಕಡೆಸಿ ನಿಲ್ಲಿಸಿತು. ಬಡಾವಣೆಯ ಕಲೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಅದು ಮಳೆ ಬಿಸಿಲಿಗೆ ತಡೆದುಕೊಂಡಿತು. ಅದಕ್ಕೆ ಕಷ್ಟಕಾಲ ಬಂದದ್ದು ನಮ್ಮ ಜೆಸಿಬಿಯ ಕಾಲದಲ್ಲಿ. ಪುಣ್ಯಕ್ಕೆ ಶಾಸನಗಳ ಹುಚ್ಚು ಹಿಡಿದ ನಾಲ್ಕು ಜನ ಈ ಊರಿನಲ್ಲಿದ್ದಾರೆ. ಓಡಿ ಹೋಗಿ ನೋಡಿದರು, ಓದಿಸಿದರು, ಊರಿನವರಿಗೆ ತಿಳಿಸಿ ಹೇಳಿದರು. ಈಗ ಅದಕ್ಕೊಂದು ಮಂಟಪವಿದೆ. ಹೆಬ್ಬಾಳದ ಕಡೆ ಹೋದರೆ ಫ್ಲೈಓವರ್ ಇಳಿದು ನೋಡಿ ಬನ್ನಿ.

ಬೇಗೂರಿನ ದೊಡ್ಡ ವೀರಗಲ್ಲಿನ ಕತೆ ಬೇರೆ. ಆನೆ, ಕುದುರೆ, ಬಿಲ್ಲಾಳುಗಳ ಇಡೀ ಯುದ್ಧವೇ ಅದರ ಮೇಲಿದೆ. ಅದನ್ನು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿಟ್ಟಿದ್ದಾರೆ. ಕಲ್ಲು ಸುರಕ್ಷಿತ, ಒಪ್ಪುತ್ತೇನೆ. ಆದರೆ ಬೇಗೂರಿನ ಮಗು ತನ್ನ ಊರಿನ ಕಲ್ಲನ್ನು ನೋಡಲು ಬಸ್ ಹತ್ತಬೇಕು. ‘ಬೆಂಗಳೂರು’ ಎಂಬ ಹೆಸರಿರುವ, ಕ್ರಿ.ಶ. 890ರ ಸುಮಾರಿನ ಶಾಸನ ಮಾತ್ರ ಅಲ್ಲಿನ ನಾಗೇಶ್ವರ ದೇವಾಲಯದಲ್ಲೇ ಉಳಿದಿದೆ. ಎರಡರಲ್ಲಿ ಯಾವುದು ಸರಿ ಎಂದು ನನ್ನನ್ನು ಕೇಳಬೇಡಿ. ಒಂದೊಂದು ದಿನ ನನಗೆ ಒಂದೊಂದು ಸರಿ ಅನ್ನಿಸುತ್ತದೆ.

ಕೆಲವು ಪ್ರತಿಮೆಗಳಿಗೆ ವರ್ಷಗಟ್ಟಲೆ ಉದ್ಘಾಟನೆಯೇ ಆಗುವುದಿಲ್ಲ. ಹಲಸೂರಿನ ಕೆರೆಯ ಬಳಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ 1991ರಲ್ಲೇ ನಿಂತಿತು. ಪರದೆ ಸರಿದದ್ದು 2009ರ ಆಗಸ್ಟ್‌ನಲ್ಲಿ, ಹದಿನೆಂಟು ವರ್ಷಗಳ ನಂತರ. ಅದೇ ವಾರ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯ ಅನಾವರಣವೂ ಆಯಿತು. ಎರಡು ಸಾಲಿನ ಕುರಳ್ ಬರೆದ ಕವಿಗೂ ಮೂರು ಸಾಲಿನ ತ್ರಿಪದಿಯ ಕವಿಗೂ ರಾಜಕೀಯ ಒಪ್ಪಂದ ಮಾಡಿಕೊಂಡು ಬೆಳಕು ನೋಡಬೇಕಾದ ಗತಿ. ಮುಸುಕು ಹೊದ್ದು ನಿಂತಿದ್ದ ಆ ಪ್ರತಿಮೆಯನ್ನು ನೋಡುತ್ತ ಬೆಳೆದು, ಮದುವೆಯೂ ಆಗಿ ಹೋದ ಮಕ್ಕಳು ಹಲಸೂರಿನಲ್ಲಿ ಇದ್ದಿರಬೇಕು. ನಿಮ್ಮ ಬೀದಿಯ ಕೊನೆಯಲ್ಲಿ ಯಾರದಾದರೂ ಪ್ರತಿಮೆ ಇಡಬೇಕೆಂಬ ಪ್ರಸ್ತಾಪ ಇದೆಯೆಂದು ಕೇಳಿದೆ. ದಯವಿಟ್ಟು ಬೇಡ. ಜಗಳಕ್ಕೆ ಹೆದರಿ ಹೀಗೆ ಹೇಳುತ್ತಿಲ್ಲ. ಪ್ರತಿಮೆಗೆ ವರ್ಷಕ್ಕೊಂದು ಹಾರ ಬೀಳುತ್ತದೆ, ಉಳಿದ 364 ದಿನ ಪಾರಿವಾಳಗಳದ್ದೇ ಪಾರುಪತ್ಯ.

ಇದಕ್ಕೆ ತದ್ವಿರುದ್ಧವಾದದ್ದು ನಿಮ್ಮ ಮನೆಯ ಮುಂದೆಯೇ ಇದೆ, ರಂಗೋಲಿ. ನಮ್ಮ ತಾಯಿ ಹದಿನೈದರಿಂದ ಎಂಟು ಸಂದು ಚುಕ್ಕಿ ಇಟ್ಟರೆ ನಾನು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಎಣಿಸುತ್ತಿದ್ದೆ. ನನಗೆ ರೇಖೆ ಕಲಿಸಿದ್ದು ಕಲಾಶಾಲೆ ಎಂದು ಪ್ರಮಾಣಪತ್ರದಲ್ಲಿದೆ. ಎಳೆ ಎಲ್ಲೂ ತುಂಡಾಗದಂತೆ, ಬೆರಳ ಸಂದಿನಿಂದ ಪುಡಿ ಒಂದೇ ಸಮ ಇಳಿಯುವಂತೆ ಕೈ ಓಡಿಸುವುದನ್ನು ನೋಡಿದ್ದು ಅಲ್ಲಿ. ಹತ್ತು ಗಂಟೆಯ ಹೊತ್ತಿಗೆ ಸೈಕಲ್, ಸ್ಕೂಟರ್, ಹಸು ಎಲ್ಲವೂ ಅದರ ಮೇಲೆ ಹಾದುಹೋಗುತ್ತಿದ್ದವು. ತಾಯಿಗೆ ಬೇಸರವಾದದ್ದನ್ನು ನಾನು ನೋಡಲಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಹಾಕುವುದು ಇದ್ದೇ ಇತ್ತು. ಈಚೆಗೆ ಬಾಗಿಲ ಮುಂದೆ ಪ್ಲಾಸ್ಟಿಕ್ ರಂಗೋಲಿ ಅಂಟಿಸುತ್ತೀರಿ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಬೆಳಗಿನ ಹೊತ್ತು ಎಷ್ಟು ದುಬಾರಿ ಎಂಬುದು ನನಗೆ ಗೊತ್ತು, ಆಕ್ಷೇಪಣೆ ಇಲ್ಲ. ಗಂಡಸರು ಹಾಕಬಹುದಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಇಲ್ಲಿ ಇಟ್ಟು ಮುಂದೆ ಹೋಗುತ್ತೇನೆ. ನಗಬೇಡಿ, ನಾನು ಹಾಕುತ್ತೇನೆ. ಹನ್ನೊಂದು ಚುಕ್ಕಿಯ ತನಕ ಧೈರ್ಯ.

ದೇವಸ್ಥಾನದ ಪೌಳಿಗೋಡೆಯ ಸುಣ್ಣ ಮತ್ತು ಕಾವಿಯ ಪಟ್ಟೆಗಳೂ ಹೀಗೆಯೇ. ಪ್ರತಿ ಜಾತ್ರೆಗೆ ಮೊದಲು ಮತ್ತೆ ಬಳಿಯುವುದೆಂದೇ ಲೆಕ್ಕ. ಮಾಸಿದರೆ ಯಾರೂ ಸಭೆ ಕರೆಯುವುದಿಲ್ಲ, ಬಕೆಟ್ ತರುತ್ತಾರೆ.

ಈಗ ಗೋಡೆಗಳಿಗೆ ಬರುತ್ತೇನೆ. ನನಗೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಮೆಜೆಸ್ಟಿಕ್ಕಿನ ಚಿತ್ರಮಂದಿರಗಳ ಮುಂದೆ ಕೈಯಲ್ಲಿ ಬರೆದ ಬ್ಯಾನರುಗಳೂ ಕಟೌಟುಗಳೂ ನಿಲ್ಲುತ್ತಿದ್ದ ಕಾಲವನ್ನು ನಿಮ್ಮಲ್ಲಿ ಅರ್ಧ ಜನ ನೋಡಿದ್ದೀರಿ. ನಾನು ಹುಡುಗನಾಗಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಅಂಥ ಕೆಲಸದ ಶೆಡ್ಡೊಂದರಲ್ಲಿ ಬ್ರಷ್ ತೊಳೆಯುವ ಕೆಲಸಕ್ಕೆ ನಿಂತಿದ್ದೆ. ಅಂಗೈ ಅಗಲದ ಫೋಟೊ ಮೇಲೆ ಪೆನ್ಸಿಲಿನಿಂದ ಚೌಕ ಹಾಕುವರು. ಬಟ್ಟೆಯ ಮೇಲೆ ಇದ್ದಿಲಿನಿಂದ ಅಷ್ಟೇ ಚೌಕ, ಮಾರುದ್ದದ್ದು. ಒಂದೊಂದು ಚೌಕದಲ್ಲಿ ಇರುವುದನ್ನು ಇನ್ನೊಂದಕ್ಕೆ ಸಾಗಿಸುವರು. ಏಣಿಯ ಮೇಲೆ ನಿಂತವರಿಗೆ ಕಾಣುತ್ತಿದ್ದದ್ದು ನಾಯಕನ ಒಂದು ಕಣ್ಣಿನ ಅರ್ಧ ಮಾತ್ರ. ಹತ್ತಿರದಿಂದ ನೋಡಿದರೆ ಮೂಗಿನ ಪಕ್ಕ ನೀಲಿ, ಕೆನ್ನೆಯ ಮೇಲೆ ಹಸಿರು, ಗಲ್ಲದ ಕೆಳಗೆ ನೇರಳೆ. ಹಾಳಾಯಿತು ಎಂದು ನಾನು ಅಂದುಕೊಂಡೆ. ಶೆಡ್ಡಿನ ಮೇಷ್ಟ್ರು ನನ್ನ ಕುತ್ತಿಗೆಪಟ್ಟಿ ಹಿಡಿದು ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗಿ ತಿರುಗಿಸಿ ನಿಲ್ಲಿಸಿದರು. ನಾಯಕ ನನ್ನನ್ನೇ ನೋಡುತ್ತಿದ್ದ. ನೋಡುವವನು ಎಲ್ಲಿ ನಿಂತಿರುತ್ತಾನೆ ಎಂಬುದನ್ನು ಮೊದಲು ಲೆಕ್ಕ ಹಾಕಿ ಆಮೇಲೆ ಬಣ್ಣ ಕಲಸುವ ವಿದ್ಯೆ ಅದು. ದೊಡ್ಡ ಗ್ಯಾಲರಿಗಳಲ್ಲಿ ಚಿತ್ರ ಇಟ್ಟವರಲ್ಲಿ ಎಷ್ಟೋ ಜನರಿಗೆ ಈ ಲೆಕ್ಕ ಬರುವುದಿಲ್ಲ.

ಫ್ಲೆಕ್ಸ್ ಮುದ್ರಣ ಬಂದು ಆ ಶೆಡ್ಡುಗಳು ಒಂದೊಂದಾಗಿ ಮುಚ್ಚಿದವು. 2009ರಲ್ಲಿ ಮಹಾನಗರ ಪಾಲಿಕೆ, ಕೆಲಸ ಕಳೆದುಕೊಂಡಿದ್ದ ಇದೇ ಬ್ಯಾನರ್ ಕಲಾವಿದರಿಂದ ನಗರದ ಗೋಡೆಗಳ ಮೇಲೆ ಚಿತ್ರ ಬರೆಸಿತು. ಪೋಸ್ಟರ್ ಅಂಟಿಸುವವರನ್ನೂ ಗೋಡೆಗೆ ಮುಖ ಮಾಡಿ ನಿಲ್ಲುವವರನ್ನೂ ತಡೆಯುವ ಉದ್ದೇಶವೂ ಇತ್ತು. ನನಗೆ ಆ ಯೋಚನೆ ಬಹಳ ಹಿಡಿಸಿತು. ಬಸ್ಸಿನಲ್ಲಿ ಕುಳಿತು ಹಾದುಹೋಗುವವರ ಕಣ್ಣಿಗೆ ಬರೆಯಲು ಅವರಿಗಿಂತ ಯೋಗ್ಯರು ಯಾರಿದ್ದರು? ಆದರೆ ಬರೆಸಿದ್ದೇನು? ಹಂಪಿಯ ಕಲ್ಲಿನ ರಥ, ಜೋಗದ ಜಲಪಾತ, ಹುಲಿ, ಆನೆ, ಯಕ್ಷಗಾನದ ಮುಖ. ಯಾವ ಬಡಾವಣೆಗೆ ಹೋದರೂ ಅದೇ ರಥ. ಪ್ರವಾಸೋದ್ಯಮದ ಕ್ಯಾಲೆಂಡರನ್ನು ಗೋಡೆಗೆ ಬಿಡಿಸಿದ ಹಾಗೆ. ಆ ಬೀದಿಯದ್ದು ಎಂಬುದು ಒಂದೂ ಇರಲಿಲ್ಲ. ಬರೆದವರ ಹೆಸರೂ ಬಹುತೇಕ ಕಡೆ ಇರಲಿಲ್ಲ. ಸಿನಿಮಾ ಬ್ಯಾನರಿನ ಮೂಲೆಯಲ್ಲಾದರೂ ಕಲಾವಿದರ ಸಹಿ ಇರುತ್ತಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹುಲಿಯ ಬಣ್ಣ ಪದರ ಪದರವಾಗಿ ಎದ್ದಿತು. ತಿದ್ದಲು ಯಾರಿಗೂ ಹೇಳಿರಲಿಲ್ಲ, ಯಾರಿಗೂ ಹಣ ಕೊಟ್ಟಿರಲಿಲ್ಲ, ಯಾರನ್ನು ಕರೆಯಬೇಕೆಂದು ತಿಳಿಯಲು ಗೋಡೆಯ ಮೇಲೆ ಹೆಸರೂ ಇರಲಿಲ್ಲ.

ಮರುದಿನಕ್ಕೆ ಅಳಿಸಿಹೋಗುವುದೇ ಗೆಲುವು ಎನ್ನಿಸುವ ಕೆಲಸವೂ ಈ ಊರಿನಲ್ಲಿ ನಡೆದಿದೆ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಮೊಸಳೆಯ ಪ್ರತಿಕೃತಿ ಇಟ್ಟರು. ಸುದ್ದಿಯಾಯಿತು, ಗುಂಡಿ ಮುಚ್ಚಿತು. 2019ರಲ್ಲಿ ಹೇರೋಹಳ್ಳಿಯ ಕಿತ್ತುಹೋದ ರಸ್ತೆಯಲ್ಲಿ ಗಗನಯಾತ್ರಿಯ ವೇಷದವರನ್ನು ನಡೆಸಿ ಚಂದ್ರನ ಮೇಲಿನ ನಡಿಗೆಯಂತೆ ಚಿತ್ರೀಕರಿಸಿದರು. ಚಂದ್ರಯಾನ-2 ಸುದ್ದಿಯಲ್ಲಿದ್ದ ದಿನಗಳು ಅವು. ರಿಪೇರಿಯವರು ಬಂದೇಬಿಟ್ಟರು. ಕಲೆ ಸಮಾಜವನ್ನು ಬದಲಾಯಿಸುತ್ತದೆಯೇ ಎಂದು ವಿಚಾರ ಸಂಕಿರಣದಲ್ಲಿ ಯಾರಾದರೂ ಕೇಳಿದರೆ ನಾನು ಒಂದು ಗಾಡಿ ಡಾಂಬರು ಬಂದ ಈ ಕತೆ ಹೇಳುತ್ತೇನೆ.

ಚಿತ್ರಸಂತೆಯ ಬಗ್ಗೆ ನೀವು ಕೇಳುತ್ತೀರೆಂದು ಗೊತ್ತಿತ್ತು. ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ಪ್ರತಿವರ್ಷ ಕುಮಾರಕೃಪಾ ರಸ್ತೆಯನ್ನೇ ಗ್ಯಾಲರಿ ಮಾಡುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು ಫುಟ್‌ಪಾತಿನಲ್ಲಿ ಚಿತ್ರ ಒರಗಿಸಿ ನಿಲ್ಲುತ್ತಾರೆ. ನೂರು ರೂಪಾಯಿಯದ್ದೂ ಸಿಗುತ್ತದೆ, ಲಕ್ಷ ರೂಪಾಯಿಯದ್ದೂ ಸಿಗುತ್ತದೆ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವವರು ಅಲ್ಲಿ ಕಡಲೆಕಾಯಿ ತಿನ್ನುತ್ತ ಚೌಕಾಸಿ ಮಾಡುತ್ತಾರೆ. ಅದೇ ಅದರ ದೊಡ್ಡತನ. ನಿಮ್ಮ ಸಮಿತಿಯವರು ‘ಮಿನಿ ಚಿತ್ರಸಂತೆ’ ಎಂದು ಬರೆದಿದ್ದೀರಿ. ಅದರ ಗಾತ್ರವನ್ನು ನಕಲು ಮಾಡಲು ಹೋಗಬೇಡಿ, ನಿಮಗೆ ಆಗುವುದಿಲ್ಲ. ನಿಮಗೆ ಆಗುವುದೊಂದು ಅವರಿಗೆ ಆಗುವುದಿಲ್ಲ. ಚಿತ್ರ ಬರೆದವರ ಮನೆ ಇದೇ ಬೀದಿಯಲ್ಲಿದೆ. ಸೋಮವಾರವೂ ಅವರು ಸಿಗುತ್ತಾರೆ.

ಗ್ಯಾಲರಿಯ ಮಾತು ಬಂತು. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ನಿರ್ವಹಣೆಗೆ ಕೊಡುವ ಪ್ರಸ್ತಾಪ ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ಬೇಡವೆಂದರು. ಕಡಿಮೆ ಬಾಡಿಗೆಗೆ ಮೊದಲ ಪ್ರದರ್ಶನ ಮಾಡಲು ನಮ್ಮಂಥವರಿಗೆ ಬೇರೆ ಜಾಗ ಇರಲಿಲ್ಲ. ನನ್ನ ಮೊದಲ ಪ್ರದರ್ಶನವೂ ಅಲ್ಲೇ. ಬಂದವರು ಹದಿನಾಲ್ಕು ಜನ, ಅದರಲ್ಲಿ ಒಂಬತ್ತು ಜನ ನೆಂಟರು. ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದವರು. ಅವರ ಊಟಿಯ ಜಲವರ್ಣಗಳನ್ನು ನೋಡಿ, ಮಂಜು ಹೇಗೆ ಹಾಳೆಯೊಳಗಿನಿಂದಲೇ ಏಳುತ್ತದೆ ಎಂದು. ಪಕ್ಕದಲ್ಲೇ ಅವರ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಬ್ಬುಶಿಲ್ಪಗಳಿವೆ. ಅದೇ ವಸ್ತು ಗಣೇಶ ಚೌತಿಯ ಮರುದಿನ ಕೆರೆಯ ದಡದಲ್ಲಿ ಕರಗದೆ ಬಿದ್ದಿರುವುದನ್ನು ನೋಡಿದಾಗ ನನಗೆ ಪಾಪ ವೆಂಕಟಪ್ಪನವರ ನೆನಪಾಗುತ್ತದೆ. ವಸ್ತುವಿನದು ತಪ್ಪಿಲ್ಲ. ಉಳಿಯಬೇಕಾದುದನ್ನು ಯಾವುದರಿಂದ ಮಾಡಬೇಕು, ಕರಗಬೇಕಾದುದನ್ನು ಯಾವುದರಿಂದ ಮಾಡಬೇಕು ಎಂಬ ವಿವೇಕ ಕುಂಬಾರರಿಗಿತ್ತು, ವ್ಯಾಪಾರಕ್ಕೆ ಇರಲಿಲ್ಲ.

ಕುಂಬಾರರೆಂದರೆ ಈ ಊರಿನ ಪೇಟೆಗಳನ್ನು ನೆನೆಯಬೇಕು. ಕೆಂಪೇಗೌಡರ ಪೇಟೆಯಲ್ಲಿ ಕಸುಬೇ ವಿಳಾಸ: ಕುಂಬಾರಪೇಟೆ, ಗಾಣಿಗರಪೇಟೆ, ಅರಳೆಪೇಟೆ, ಬಳೆಪೇಟೆ. ಬಳೆಪೇಟೆಯಲ್ಲಿ ಇಂದು ವೀಣೆ, ತಬಲ, ಮೃದಂಗದ ಅಂಗಡಿಗಳಿವೆ. ಚರ್ಮ ಬಿಗಿದು ಶ್ರುತಿ ನೋಡುವ ಸದ್ದು ಬೀದಿಗೆ ಕೇಳುತ್ತದೆ. ಕುಂಬಾರಿಕೆ ನೋಡಬೇಕಾದರೆ ದಂಡಿನ (ಕಂಟೋನ್ಮೆಂಟ್) ಕಡೆ, ಪಾಟರಿ ಟೌನ್‌ಗೆ ಹೋಗಬೇಕು. ಹಲವು ತಲೆಮಾರುಗಳ ಹಿಂದೆ ತಮಿಳುನಾಡಿನಿಂದ ಬಂದು ನೆಲೆಸಿದ ಕುಟುಂಬಗಳು. ಹಣತೆ, ಮಡಕೆ, ಹೂಕುಂಡ, ಗೌರಿ ಗಣೇಶ, ಜೊತೆಗೆ ನಗರದ ಹೋಟೆಲುಗಳ ತಂದೂರಿ ಒಲೆ. ನೀವು ತಿನ್ನುವ ರೋಟಿಯ ಹಿಂದೆ ಅವರ ಕೈ ಇರಬಹುದು. ಕೆರೆಗಳು ಬಡಾವಣೆಗಳಾದಂತೆ ಜೇಡಿಮಣ್ಣು ದೂರವಾಯಿತು. ದೂರದ ಮಣ್ಣು ಲಾರಿಯಲ್ಲಿ ಬರುತ್ತದೆ, ಅದರ ಗುಣ ಪ್ರತಿ ಸಲ ಒಂದೇ ರೀತಿ ಇರುವುದಿಲ್ಲ. ಮರಳು ಹೆಚ್ಚಾದರೆ ತಿಗರಿಯ ಮೇಲೆ ಏಳುವುದಿಲ್ಲ, ಕಡಿಮೆಯಾದರೆ ಆವಿಗೆಯಲ್ಲಿ ಸುಡುವಾಗ ಬಿರಿಯುತ್ತದೆ. ಎರಡು ಮೂರು ಬಗೆಯ ಮಣ್ಣು ಬೆರೆಸಿ, ಕಾಲಲ್ಲಿ ತುಳಿದು, ಬೆರಳಲ್ಲಿ ಒತ್ತಿ ನೋಡಿ ತೀರ್ಮಾನಿಸುವವರು ಅವರು.

ಈಗ ನಿಮ್ಮ ನಕ್ಷೆ ನೋಡಿ. ಚಿತ್ರಗಳಿಗೆ ಸಭಾಂಗಣ, ಬೆಳಕು, ಹೆಸರಿನ ಚೀಟಿ, ಬೆಲೆ. ಕುಂಬಾರರಿಗೆ ಗೇಟಿನ ಪಕ್ಕ ‘ಪ್ರಾತ್ಯಕ್ಷಿಕೆ’. ಮಕ್ಕಳು ತಿಗರಿ ಮುಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆ ಅವರಿಗೆ ಒಂದು ಶಾಲು. ಎಲ್ಲ ಕಡೆ ಹೀಗೆಯೇ ಮಾಡುತ್ತಾರೆ, ನನಗೆ ಎಲ್ಲ ಕಡೆಯೂ ಸಿಟ್ಟು ಬರುತ್ತದೆ. ಮಡಕೆಯನ್ನು ಒಳಗಿಡಿ. ಅದರ ಪಕ್ಕದಲ್ಲೂ ಮಾಡಿದವರ ಹೆಸರು ಬರೆಯಿರಿ, ಬೆಲೆಯನ್ನು ಅವರೇ ಹೇಳಲಿ. ಚನ್ನಪಟ್ಟಣದ ಬೊಂಬೆಯವರನ್ನು ಕರೆಯುವುದಾದರೂ ಅಷ್ಟೆ. ಇಲ್ಲಿಂದ 60 ಕಿಲೋಮೀಟರ್ ದೂರದಿಂದ ಬಂದವರನ್ನು ಬರೀ ಅಂಗಡಿ ಹಾಕಿಸಿ ಕೂರಿಸಬೇಡಿ. ಆಲೆಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ, ತಾಳೆಗರಿಯಿಂದ ಹೊಳಪು ಕೊಡುವುದನ್ನು ಅರ್ಧ ಗಂಟೆ ಸುಮ್ಮನೆ ನೋಡಿ. ಆಮೇಲೆ ಚೌಕಾಸಿ ಮಾಡಲು ಬಾಯಿ ಬರುತ್ತದೆಯೋ ನೋಡೋಣ.

ಇನ್ನು ನಿಮ್ಮ ಹಿಂಬದಿಯ ಸಂದಿ. ಅಲ್ಲಿ ಕಸ ಬೀಳದಂತೆ ಎರಡೂ ಬದಿ ಚಿತ್ರ ಬರೆಸುವ ಯೋಜನೆ ಒಳ್ಳೆಯದು. ಆದರೆ ಆ ಸಂದಿ ಏಕಿದೆ ಎಂಬುದು ನಿಮ್ಮ ಮಕ್ಕಳಿಗೆ ಗೊತ್ತೇ? 1898ರ ಪ್ಲೇಗಿನ ನಂತರ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಒಳಚರಂಡಿ ಇಲ್ಲದ ಕಾಲ. ಮನೆಗಳ ಹಿಂಬದಿಯಿಂದ ಮಲ ಹೊತ್ತು ಸಾಗಿಸುವವರು ಮುಂಬಾಗಿಲಿಗೆ ಕಾಣದಂತೆ ಓಡಾಡಲು ಬಿಟ್ಟ ದಾರಿ ಅದು. ಇಂಥ ಸಂದಿಗಳಿಗಿರುವ ಕನ್ಸರ್ವೆನ್ಸಿ ಎಂಬ ಚೆಂದದ ಹೆಸರಿನ ಕೆಳಗೆ ಇರುವುದು ಇದು. ಆ ಗೋಡೆಗೆ ಚಿಟ್ಟೆ, ಸೂರ್ಯಕಾಂತಿ, ಮುಗುಳ್ನಗುವ ಸೂರ್ಯ ಬರೆದು ಬಿಟ್ಟರೆ ನನಗೆ ಸಮಾಧಾನವಿಲ್ಲ. ಹೆಬ್ಬಾಳದವರು ಕಿತ್ತಯ್ಯನ ಹೆಸರು ಕಡೆಸಿದರು. ಇಲ್ಲಿ ನಡೆದಾಡಿದವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಇಂದು ಈ ಬೀದಿ ಗುಡಿಸುವ ಪೌರಕಾರ್ಮಿಕರನ್ನು ಸಭೆಗೆ ಕರೆದು, ಕುರ್ಚಿ ಕೊಟ್ಟು ಕೇಳಿ. ಇವತ್ತಿನ ಸಭೆಯಲ್ಲಿ ಅವರಾರೂ ಇಲ್ಲ.

ಕೆಲಸದ ಮಾತು ಸ್ವಲ್ಪ. ಹಳೆಯ ಗಾರೆಗೋಡೆಗೆ ಪ್ಲಾಸ್ಟಿಕ್ ಬಣ್ಣ ಬಳಿದರೆ ಒಳಗಿನ ತೇವ ಹೊರಬರಲಾರದೆ ಬಣ್ಣವನ್ನೇ ಎಬ್ಬಿಸುತ್ತದೆ. ಅಲ್ಲಿ ಸುಣ್ಣವೇ ಮೇಲು. ಕಲ್ಲಿನ ಕಾಂಪೌಂಡುಗಳನ್ನು ಮುಟ್ಟಲೇಬೇಡಿ, ಆ ಕಲ್ಲಿನ ಬಣ್ಣಕ್ಕಿಂತ ಚೆನ್ನಾದದ್ದು ನಿಮ್ಮ ಡಬ್ಬಿಯಲ್ಲಿಲ್ಲ. ನೆಲದಿಂದ ಒಂದಡಿ ಖಾಲಿ ಬಿಡಿ ಅಥವಾ ಕಾವಿ ಪಟ್ಟೆ ಬಳಿಯಿರಿ, ಮಳೆಯ ಕೆಸರು ಹಾರುವುದು ಅಲ್ಲಿಗೇ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ ಗುಲಾಬಿ, ನೇರಳೆ ಬೇಗ ಬಿಳಿಚುತ್ತವೆ. ಕೆಮ್ಮಣ್ಣು, ಹಳದಿಮಣ್ಣು ಉಳಿಯುತ್ತವೆ. ಬಂದ ಹಣದಲ್ಲಿ ಐದರಲ್ಲೊಂದು ಪಾಲನ್ನು ಮುಂದಿನ ವರ್ಷದ ತಿದ್ದುಪಡಿಗೆ ಎತ್ತಿಡಿ, ಹಾರ ತುರಾಯಿಯಲ್ಲಿ ಉಳಿಸಿದರೆ ಅಷ್ಟು ಸಿಕ್ಕೇ ಸಿಗುತ್ತದೆ. ಉಳಿದ ಬಣ್ಣದ ಡಬ್ಬಿಗಳನ್ನು ಯಾರ ಮನೆಯಲ್ಲಿ ಇಡುತ್ತೀರಿ ಎಂಬುದನ್ನು ಇವತ್ತೇ ತೀರ್ಮಾನಿಸಿ. ಇದನ್ನು ಏಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ ನನಗೊಂದು ಪೆಟ್ಟು ಬಿದ್ದಿದೆ.

ನಿವೃತ್ತಿಗೆ ಎರಡು ವರ್ಷ ಮುಂಚೆ, ಶಾಲೆಯ ಎದುರಿನ ಒಂದು ಕಚೇರಿಯ ಅರವತ್ತು ಅಡಿ ಗೋಡೆಯ ಮೇಲೆ ಮಕ್ಕಳಿಂದ ಚಿತ್ರ ಬರೆಸಿದೆ. ನಾಲ್ಕು ಭಾನುವಾರ ಹಿಡಿಯಿತು. ಬೀದಿಯಲ್ಲಿ ಇರುವವರನ್ನೇ ಬರೆಯಿರಿ ಎಂದಿದ್ದೆ. ಹೂವು ಕಟ್ಟುವವರು, ಎಳನೀರಿನ ಸೈಕಲ್, ಮೂರು ನಾಯಿ, ಟ್ರಾನ್ಸ್‌ಫಾರ್ಮರ್, ಅದರ ಮೇಲೊಂದು ಕಾಗೆ. ಕಚೇರಿಯ ಮೇಲಧಿಕಾರಿಗಳೇ ಬಂದು ಉದ್ಘಾಟಿಸಿದರು. ಎಂಟು ತಿಂಗಳ ನಂತರ ಯಾರೋ ಗಣ್ಯರು ಬರುವರೆಂದು ಇಡೀ ಗೋಡೆಗೆ ಒಂದೇ ರಾತ್ರಿಯಲ್ಲಿ ಬಿಳಿ ಹೊಡೆಸಿದರು. ಹೋಗಿ ಕೇಳಿದೆ. ಫೈಲಿನಲ್ಲಿ ಚಿತ್ರದ ವಿಷಯ ಇಲ್ಲ, ಗೋಡೆಯ ವಿಷಯ ಮಾತ್ರ ಇದೆ ಎಂದರು. ಹುಡುಗರಿಗೆ ಏನು ಹೇಳಬೇಕೆಂದು ತಿಳಿಯದೆ ಒಂದು ವಾರ ಆ ಕಡೆಯಿಂದ ಶಾಲೆಗೆ ಹೋಗಲಿಲ್ಲ.

ಒಂದು ಮೂಲೆಯಲ್ಲಿ ಮೂರಡಿ ಉಳಿದಿತ್ತು. ಅಲ್ಲಿ ಇಸ್ತ್ರಿ ಗಾಡಿ ನಿಲ್ಲುತ್ತದೆ. ಬಿಳಿ ಹೊಡೆಯುವವರು ರಾತ್ರಿ ಗಾಡಿ ಸರಿಸುವ ಗೋಜಿಗೆ ಹೋಗಿರಲಿಲ್ಲ. ಹಿಂದಿದ್ದದ್ದು ಆರನೆಯ ತರಗತಿಯ ಹುಡುಗಿ ಬರೆದ ನಾಯಿ, ದೇಹಕ್ಕಿಂತ ಬಾಲವೇ ಉದ್ದ. ಇಸ್ತ್ರಿ ಮಾಡುವವರು ಮಳೆ ಬಂದಾಗ ಗಾಡಿಯ ಪ್ಲಾಸ್ಟಿಕ್ ಹಾಳೆಯನ್ನು ಆ ಗೋಡೆಯ ಮೇಲೂ ಇಳಿಬಿಡುತ್ತಿದ್ದರಂತೆ. ಕಳೆದ ತಿಂಗಳು ಅಂಗಿ ಕೊಡಲು ಹೋದಾಗ ಅವರು ಗಾಡಿಯನ್ನು ಒಂದು ಗೇಣು ಎಳೆದು ತೋರಿಸಿದರು. ಕೆಂಡದ ಬಿಸಿಗೆ ಬಾಲದ ತುದಿಯಲ್ಲಿ ಕಂದು ಬಣ್ಣ ಸುಲಿದಿತ್ತು. ಇಷ್ಟಕ್ಕೆ ಒಂದು ಚಿಟಿಕೆ ಬಣ್ಣ ಸಾಕಲ್ಲವೇ ಮೇಷ್ಟ್ರೇ, ನಾನೇ ಹಚ್ಚುತ್ತೇನೆ ಎಂದರು. ನನ್ನ ಬಳಿ ಆ ಕಂದು ಬಣ್ಣದ ಡಬ್ಬಿ ಇರಲಿಲ್ಲ. ಕಾವಿಗೆ ಸ್ವಲ್ಪ ಇದ್ದಿಲು ಅರೆದು ಕಲಸಿದರೆ ಹೊಂದುತ್ತದೆ ಎಂದು ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ತೆಗೆದುಕೊಂಡು ಹೋಗಬೇಕು.